ಬೇಲಿಯೊಳಗೆ ಸಾಕಿದ ಪ್ರಾಣಿಯ ಬೇಟೆ: ಟೆಕ್ಸಾಸ್‌ಗೆ ಹೊರಟ ಬೆಂಗಳೂರಿಗರು ತಿಳಿದಿರಬೇಕಾದ ಕಾನೂನು

ಕೆಲಸಕ್ಕೆಂದೋ ಮಕ್ಕಳನ್ನು ನೋಡಲೆಂದೋ ಟೆಕ್ಸಾಸ್‌ಗೆ ಹೋದವರನ್ನು ಅಲ್ಲಿನ ಪರಿಚಯಸ್ಥರು ದೊಡ್ಡ ಖಾಸಗಿ ಜಮೀನಿನಲ್ಲಿ ನಡೆಯುವ ರ‍್ಯಾಂಚ್ ಬೇಟೆಗೆ ಕರೆಯಬಹುದು. ಮಧುಗಿರಿಯ ಬಳಿ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನಾವು ಕಾವಲಿಟ್ಟು ಕಾಪಾಡುವ ಕೃಷ್ಣಮೃಗ ಅಲ್ಲಿ ಎತ್ತರದ ಬೇಲಿಯೊಳಗೆ ಹಣಕ್ಕೆ ಬೇಟೆಗೆ ಸಿಗುತ್ತದೆ. ಅಲ್ಲಿ ನಡೆಯುವುದೆಲ್ಲ ಕಾನೂನುಬದ್ಧವೆಂದು ನಂಬಿ ಹೊರಡುವ ಬದಲು ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮೊದಲು ಕೇಳಬೇಕಾದದ್ದು ಪ್ರಾಣಿ ಯಾವುದು ಎಂದು. ಕೃಷ್ಣಮೃಗ, ಚುಕ್ಕೆ ಜಿಂಕೆ ಮುಂತಾದ ಹೊರನಾಡಿನ ಪ್ರಾಣಿಗಳಿಗೆ ಟೆಕ್ಸಾಸ್‌ನಲ್ಲಿ ಬೇಟೆಯ ಋತುವೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಆದರೆ ಬೇಟೆ ಪರವಾನಗಿ ಮತ್ತು ಜಮೀನಿನ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಅಲ್ಲಿಯದೇ ಆದ ಬಿಳಿಬಾಲದ ಜಿಂಕೆಯ ವಿಷಯ ಬೇರೆ: ಬೇಲಿ ಎಷ್ಟೇ ಎತ್ತರವಿರಲಿ, ಅದು ರಾಜ್ಯದ ಜನರ ಸ್ವತ್ತು, ಋತು ಮತ್ತು ಮಿತಿಗಳು ಬೇಲಿಯೊಳಗೂ ಅನ್ವಯಿಸುತ್ತವೆ. ಸಿಂಹ, ಹುಲಿಗಳಂಥ ಅಪಾಯಕಾರಿ ಪ್ರಾಣಿಗಳನ್ನು ಬಂಧನದಲ್ಲಿಟ್ಟು ಕೊಲ್ಲಿಸುವುದನ್ನು ಅದೇ ರಾಜ್ಯ ನಿಷೇಧಿಸಿದೆ.

ರಾಜ್ಯದ ಗಡಿ ದಾಟಿದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಮೊಂಟಾನಾದ ಮತದಾರರು 2000ರಲ್ಲಿ ಐ-143 ಎಂಬ ಜನಮತದ ಮೂಲಕ ಇಂಥ ಪ್ರಾಣಿಗಳನ್ನು ಬೇಲಿಯೊಳಗೆ ಸಾಕುವ ಫಾರ್ಮ್‌ಗಳಿಗೆ ಹೊಸ ಪರವಾನಗಿ ಕೊಡುವುದನ್ನೂ ಹಣ ಪಡೆದು ಅಲ್ಲಿ ಸಾಕಿದ ಪ್ರಾಣಿಗೆ ಗುಂಡು ಹೊಡೆಸುವುದನ್ನೂ ನಿಲ್ಲಿಸಿದರು. ಕೆಲವು ರಾಜ್ಯಗಳಲ್ಲಿ ಸಾಕಿದ ಜಿಂಕೆ ಕೃಷಿ ಇಲಾಖೆಯ ವ್ಯಾಪ್ತಿಗೆ ಬರುವುದರಿಂದ ವನ್ಯಜೀವಿ ಇಲಾಖೆ ಮತ್ತು ಕೃಷಿ ಇಲಾಖೆ ಎರಡರ ನಿಯಮಗಳನ್ನೂ ಆ ವರ್ಷದ ಪ್ರಕಟಣೆಯಲ್ಲೇ ನೋಡಬೇಕು.

ನಮ್ಮವರು ಹೆಚ್ಚಾಗಿ ಗಮನಿಸದ ಅಂಶ ಬಂದೂಕಿನದು. ಎಚ್-1ಬಿ ಅಥವಾ ಪ್ರವಾಸಿ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಅದರ ವಿನಾಯಿತಿಗಳಲ್ಲೊಂದು. ಆದ್ದರಿಂದ ಗೆಳೆಯರ ಬಂದೂಕನ್ನು ಸುಮ್ಮನೆ ಕೈಗೆತ್ತಿಕೊಳ್ಳುವ ಮೊದಲೇ ಪರವಾನಗಿ ನಿಮ್ಮ ಹೆಸರಿನಲ್ಲಿರಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರಿಗೆ ಟೆಕ್ಸಾಸ್ ಬೇಟೆ ತರಬೇತಿಯನ್ನೂ ಕಡ್ಡಾಯ ಮಾಡಿದೆ. ಬಿಳಿಬಾಲದ ಜಿಂಕೆಯಾದರೆ, ಕೊಂದ ಕೂಡಲೇ ಪರವಾನಗಿಯ ಚೀಟಿಯಲ್ಲಿ ತಿಂಗಳು, ದಿನಾಂಕದ ಗುರುತನ್ನು ಕತ್ತರಿಸಿ ಕಳೇಬರಕ್ಕೆ ಕಟ್ಟಬೇಕು. ರಾಜ್ಯದ ನಿಯಮ ಮುರಿದು ಕೊಂದ ಪ್ರಾಣಿಯನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಕೇಂದ್ರದ ಅಪರಾಧವೂ ಆಗುತ್ತದೆ.

ಕಾನೂನು ಒಪ್ಪಿದರೂ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಪ್ರಾಣಿಗೆ ಗುಂಡು ಹೊಡೆಯುವುದು ಬೇಟೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇಟೆಗಾರರದೇ ಸಂಸ್ಥೆಯಾದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕೂಡ ಅಂಥ ಬೇಲಿಯೊಳಗೆ ಕೊಂದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ.

ಕೊಂಬು, ಚರ್ಮಗಳನ್ನು ನೆನಪಿಗೆಂದು ತರುವ ಯೋಚನೆಯನ್ನು ಪೂರ್ತಿ ಬಿಡಬೇಕು. ಪ್ರಯಾಣಿಕರ ಸಾಮಾನಿನಲ್ಲಿ ವನ್ಯಜೀವಿ ಉತ್ಪನ್ನ ತರುವುದು ನಿಷಿದ್ಧ. ರ‍್ಯಾಂಚ್‌ನವರು ಕೊಟ್ಟ ರಸೀದಿ ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದನ್ನು ಓದಿ ಕನಕಪುರದ ಕಡೆಯ ತೋಟದಲ್ಲಿ ಇಂಥದೇ ವ್ಯವಸ್ಥೆ ಮಾಡಬಹುದೇ ಎಂದು ಯಾರೂ ಯೋಚಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಂಧನದಲ್ಲಿ ಹುಟ್ಟಿದ ಪ್ರಾಣಿಗೆ ಪ್ರತ್ಯೇಕ ರಿಯಾಯಿತಿ ಇಲ್ಲ. ಅದನ್ನು ಕೊಲ್ಲುವುದೂ ಕೊಲ್ಲಲು ಯತ್ನಿಸುವುದೂ ಬೇಟೆಯೇ, ಬಲೆ ಹಾಕುವುದೂ ಬೇಟೆಯೇ. ಕೃಷ್ಣಮೃಗ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಒಂದನೇ ಅನುಸೂಚಿಯಲ್ಲಿರುವುದರಿಂದ ಶಿಕ್ಷೆ 3ರಿಂದ 7 ವರ್ಷಗಳ ಸೆರೆವಾಸ. 2022ರ ತಿದ್ದುಪಡಿಯ ಬಳಿಕ ದಂಡ ಕನಿಷ್ಠ 25,000 ರೂಪಾಯಿ. ಗಾಯಗೊಂಡ ಜಿಂಕೆಯೋ ತಾಯಿ ತಪ್ಪಿದ ಮರಿಯೋ ನಿಮ್ಮ ತೋಟದಲ್ಲಿ ಸಿಕ್ಕಿದರೆ ಸಾಕಲು ಇಟ್ಟುಕೊಳ್ಳದೆ ಕೂಡಲೇ ವಲಯ ಅರಣ್ಯಾಧಿಕಾರಿಯವರಿಗೆ ತಿಳಿಸಿ: ಸರ್ಕಾರದ ಸ್ವತ್ತಾದ ವನ್ಯಪ್ರಾಣಿ ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕೆಂದು 39ನೇ ಕಲಂ ಹೇಳುತ್ತದೆ.