ಮಂಡಿಯ ಕೀಲು ಬದಲಿಸುವ ಆಪರೇಷನ್ ಆದಮೇಲೆ ಚೆಕಪ್ ತಪ್ಪದಿರಲು ಹೀಗೆ ಮಾಡಿ

ಎರಡು ವಾರಕ್ಕೆ ಹೊಲಿಗೆ ಬಿಚ್ಚಿಸಲು ಎಲ್ಲರೂ ಹೋಗುತ್ತಾರೆ, ಭಯ ಇರುತ್ತದಲ್ವಾ. ಆರು ವಾರದ್ದಕ್ಕೂ ಹೇಗೋ ಹೋಗುತ್ತಾರೆ. ತಪ್ಪುವುದು ವರ್ಷದ ಚೆಕಪ್. "ಆರಾಮಾಗಿ ನಡೀತಿದೀನಲ್ಲ, ಸುಮ್ನೆ ಯಾಕೆ ದುಡ್ಡು ದಂಡ" ಅಂತ ನಮ್ಮಮ್ಮನೂ ಅಂದಿದ್ದರು. ಆದರೆ ಹಾಕಿದ ಕೀಲು ಸಡಿಲವಾಗಿದ್ದರೆ, ಒಳಗಿನ ಪ್ಲಾಸ್ಟಿಕ್ ಸವೆದಿದ್ದರೆ, ಎಷ್ಟೋ ಸಲ ನೋವು ಬರುವ ಮೊದಲೇ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹಳೇ ಎಕ್ಸ್‌ರೇ ಪಕ್ಕ ಹೊಸದನ್ನಿಟ್ಟು ನೋಡಬೇಕು, ಅಷ್ಟೇ.

ಅಮ್ಮನನ್ನು ಕೆದಕಿ ಕೇಳಿದಾಗ ಗೊತ್ತಾಗಿದ್ದು, ದುಡ್ಡು ಬರೀ ನೆಪ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವ ಹೆದರಿಕೆ, ಜೊತೆಗೆ ಮಗ ರಜೆ ಹಾಕಬೇಕಲ್ಲ ಅನ್ನುವ ಸಂಕೋಚ! ಹಾಗಾಗಿ ಬೈಯಬೇಡಿ, ಕೇಳಿ. ಡಿಸ್ಚಾರ್ಜ್ ದಿನವೇ ಮುಂದಿನ ತಾರೀಖುಗಳನ್ನು ಬರೆಸಿಕೊಂಡು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲೇ ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನೂ ಬರೆಯಿರಿ. ಆಸ್ಪತ್ರೆ ದೂರವಾದರೆ, ಊರಲ್ಲೇ ಎಕ್ಸ್‌ರೇ ತೆಗೆಸಿ ಕಳಿಸಬಹುದಾ ಅಂತ ಮೊದಲೇ ವಿಚಾರಿಸಿ. ಡಿಸ್ಚಾರ್ಜ್ ಚೀಟಿ, ಹಳೇ ಎಕ್ಸ್‌ರೇ ಒಂದೇ ಚೀಲದಲ್ಲಿರಲಿ.

ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಊತ ಕಂಡರೆ ಮಾತ್ರ ತಾರೀಖು ಕಾಯಬೇಡಿ, ಅವತ್ತೇ ಹೊರಡಿ.