ಮನೆ ಸಾಮಾನು ಸ್ಟೋರೇಜಿಗೆ ಹಾಕುವ ಮುನ್ನ

ಹಳೇ ಮನೆ ಕೆಡವಿ ಕಟ್ಟಿಸುವಾಗಲೋ, ವರ್ಷೊಪ್ಪತ್ತು ಹೊರದೇಶದ ಮಕ್ಕಳ ಬಳಿ ಇರಲು ಹೊರಟಾಗಲೋ ಸಾಮಾನಿಡಲು ಬೆಂಗಳೂರಿನಲ್ಲಿ ಈಗ ಸ್ಟೋರೇಜ್ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಬೀಗ ನಿಮ್ಮದೇ ಇದ್ದರೂ ತಿಂಗಳುಗಟ್ಟಲೆ ಅಲ್ಲಿ ಬಾಗಿಲು ತೆಗೆಯುವವರಿಲ್ಲ, ಬಿಸಿಲು ಬೀಳುವುದಿಲ್ಲ. ಅಲ್ಲಿ ಸಾಮಾನು ಕೆಡುವುದು ಹೆಚ್ಚಾಗಿ ನಾವೇ ಒಳಗೆ ಹೊತ್ತೊಯ್ದ ತೇವದಿಂದ, ಜಿಡ್ಡಿನಿಂದ.

ಗ್ಯಾಸ್ ಸಿಲಿಂಡರನ್ನಂತೂ ಇಡುವಂತೆಯೇ ಇಲ್ಲ. ಖಾಲಿ ಎನ್ನುವ ಸಿಲಿಂಡರಿನಲ್ಲೂ ಅಷ್ಟಿಷ್ಟು ಗ್ಯಾಸ್ ಉಳಿದಿರುತ್ತದೆ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಅವರು ಕೊಡುವ ಟರ್ಮಿನೇಷನ್ ವೋಚರ್ ಜೋಪಾನ ಮಾಡಿ. ಮುಂದೆ ಕನೆಕ್ಷನ್ ತೆಗೆದುಕೊಳ್ಳುವಾಗ ಅದು ಬೇಕಾಗುತ್ತದೆ. ಪೆಟ್ರೋಲ್, ಥಿನ್ನರ್, ಮಿಕ್ಕ ಪೇಂಟ್ ಡಬ್ಬ, ಆ್ಯಸಿಡ್, ಪಟಾಕಿ ಯಾವುದೂ ಬೇಡ. ಎಲ್ಲರೂ ಮರೆಯುವುದು ದೇವರ ಮನೆಯ ಕರ್ಪೂರ, ಬೆಂಕಿಪೊಟ್ಟಣ, ದೀಪದೆಣ್ಣೆ ಮತ್ತು ಬಚ್ಚಲಿನ ಸ್ಪ್ರೇ ಡಬ್ಬಿಗಳನ್ನು. ಸ್ಕೂಟರ್ ಇಡಲು ಒಪ್ಪಿದರೂ ಟ್ಯಾಂಕಿನ ಪೆಟ್ರೋಲ್ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿ.

ಇನ್ವರ್ಟರ್ ಬ್ಯಾಟರಿ ಸುಮ್ಮನೆ ಇಟ್ಟರೂ ಚಾರ್ಜ್ ಇಳಿಯುತ್ತಾ ಹೋಗಿ, ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. ದಿನವೂ ಬಳಸುವ ನೆಂಟರಿಗೆ ಕೊಟ್ಟುಬಿಡುವುದೇ ಸರಿ.

ಅಕ್ಕಿ, ಬೇಳೆ, ರಾಗಿ ಒಂದು ಹಿಡಿಯೂ ಬೇಡ. ನೀವು ಬಿಟ್ಟ ಒಂದು ಡಬ್ಬಿ ಬೇಳೆಗೆ ಬಂದ ಇಲಿ ಪಕ್ಕದ ಕೋಣೆಯವರ ಹಾಸಿಗೆಯನ್ನೂ ಕಡಿಯುತ್ತದೆ. ಒಲೆಯ ಬರ್ನರ್ ಕೆಳಗಿನ ಜಿಡ್ಡು, ಮಿಕ್ಸಿ ಜಾರಿನ ಬ್ಲೇಡಿನಡಿಯ ಮಸಾಲೆ ಜಿರಳೆಗೆ ಸಾಕಾಗುವಷ್ಟು ಆಹಾರ, ಉಜ್ಜಿ ತೊಳೆಯಿರಿ. ಉಪ್ಪಿನಕಾಯಿ ಭರಣಿಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ತೊಳೆದು, ಎರಡು ದಿನ ಬಿಸಿಲಿಗಿಡಿ. ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ಬೇರೆ ಇಡಿ.

ಫ್ರಿಜ್ಜನ್ನು ಎರಡು ದಿನ ಮೊದಲೇ ಆಫ್ ಮಾಡಿ. ಐಸ್ ಕರಗಿದ ಮೇಲೆ ಹಿಂಬದಿಯ ನೀರಿನ ತಟ್ಟೆ, ಬಾಗಿಲ ರಬ್ಬರಿನ ಮಡಿಕೆಗಳನ್ನು ಒಣಬಟ್ಟೆಯಿಂದ ಒರೆಸಿ. ಬಾಗಿಲ ಸಂದಿಗೆ ದಪ್ಪಗೆ ಮಡಿಸಿದ ಬಟ್ಟೆ ಸಿಕ್ಕಿಸಿ ಎರಡು ಬೆರಳಷ್ಟು ತೆರೆದೇ ಇಡಿ. ಮುಚ್ಚಿಟ್ಟರೆ ಒಳಗೆಲ್ಲ ಕಪ್ಪು ಬೂಷ್ಟು. ವಾಷಿಂಗ್ ಮಷಿನ್ನಿನ ಪೈಪು, ಫಿಲ್ಟರಿನಲ್ಲಿ ನಿಂತ ನೀರು ಬಸಿಯಿರಿ. ಫ್ರಂಟ್ ಲೋಡ್ ಆದರೆ ಕೊಂಡಾಗ ಬಿಚ್ಚಿದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹುಡುಕಿ ಮತ್ತೆ ಹಾಕಿಸಿ, ಇಲ್ಲದಿದ್ದರೆ ಲಾರಿಯ ಕುಲುಕಾಟಕ್ಕೆ ಡ್ರಮ್ ಅದುರಿ ಒಳಗಿನದ್ದೆಲ್ಲ ಸಡಿಲವಾಗುತ್ತದೆ.

ರೇಷ್ಮೆ ಸೀರೆಗಳನ್ನು ಅಲ್ಲಿಗೆ ಕಳಿಸದಿರುವುದೇ ಮೇಲು. ಮಡಿಕೆ ಬದಲಿಸದೆ ವರ್ಷ ಬಿಟ್ಟರೆ ಸೀರೆ ಆ ಜಾಗದಲ್ಲೇ ಸೀಳುತ್ತದೆ, ಜರಿ ಕಪ್ಪಾಗುತ್ತದೆ. ಕಳಿಸಲೇಬೇಕೆಂದರೆ ಪ್ಲಾಸ್ಟಿಕ್ ಕವರ್ ತೆಗೆದು, ಗಂಜಿಯಿಲ್ಲದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು. ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ. ದಸರಾ ಗೊಂಬೆಗಳಿಗೂ ಹಳೇ ಹತ್ತಿ ಬಟ್ಟೆಯೇ ಒಳ್ಳೆಯದು. ಮಣ್ಣಿನವನ್ನೂ ಚನ್ನಪಟ್ಟಣದ ಮರದವನ್ನೂ ಒಂದೇ ಪೆಟ್ಟಿಗೆಗೆ ತುಂಬಬೇಡಿ. ಮರದ್ದು ಉರುಳಿ ಮಣ್ಣಿನ ಗೊಂಬೆಯ ಮೂಗು, ಬೆರಳು ಮುರಿಯುತ್ತದೆ. ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತೊಳೆದ ದಿನವೇ ಕಟ್ಟಬೇಡಿ. ಕಂಠದ ಮಡಿಕೆಯಲ್ಲಿ ನಿಂತ ನೀರು ಒಣಗಲು ಒಂದು ದಿನವಾದರೂ ಬೇಕು.

ಮಂಚ ಬಿಚ್ಚಿದರೆ ಬೋಲ್ಟ್, ನಟ್‌ಗಳನ್ನು ಚೀಲಕ್ಕೆ ಹಾಕಿ ಆ ಮಂಚಕ್ಕೇ ಕಟ್ಟಿ. ಮರದ ಸಾಮಾನು, ರಟ್ಟಿನ ಪೆಟ್ಟಿಗೆ ಯಾವುದೂ ನೆಲಕ್ಕೆ ತಾಗಬಾರದು. ಇಟ್ಟಿಗೆ, ಹಲಗೆ ಹಾಕಿ ನಾಲ್ಕು ಇಂಚು ಎತ್ತರಿಸಿ, ಗೋಡೆಗೂ ಅಷ್ಟೇ ಸಂದು ಬಿಡಿ. ಗೆದ್ದಲು ಹತ್ತಿದರೆ ಆ ಸಂದಿನಲ್ಲಿ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆಯೇ ಆಗಬೇಕು, ದೊಡ್ಡದರ ತಳ ಹರಿಯುತ್ತದೆ.

ಒಡವೆ, ನಗದು, ಪಾಸ್‌ಪೋರ್ಟ್, ಕ್ರಯಪತ್ರಗಳ ಜಾಗ ಬ್ಯಾಂಕ್ ಲಾಕರ್ ಅಥವಾ ನಿಮ್ಮ ಕೈಚೀಲ. ಕರಾರುಪತ್ರದಲ್ಲಿ ಏನೇನು ಇಡಬಾರದು, ನಷ್ಟವಾದರೆ ಎಷ್ಟು ಕೊಡುತ್ತಾರೆ ಎಂಬ ಭಾಗವನ್ನು ಓದದೆ ಸಹಿ ಹಾಕಬೇಡಿ. ಪ್ರತಿ ಪೆಟ್ಟಿಗೆಗೂ ನಂಬರ್ ಬರೆದು ಫೋಟೊ ತೆಗೆದಿಡಿ. ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಟ್ಟು, ಒಂದು ಬೀಗದ ಕೈ ಊರಲ್ಲಿರುವ ನಂಬಿಕಸ್ಥರಿಗೆ ಕೊಡಿ. ಮಳೆಗಾಲದ ನಡುವೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಅವರು ಬಾಗಿಲು ತೆಗೆದು ಗೋಡೆಯ ಬುಡ, ಪೆಟ್ಟಿಗೆಗಳ ತಳ ಮುಟ್ಟಿ ನೋಡಲಿ.