ಕ್ರಿಮಿನಾಲಜಿ ಓದುವಾಗ ಸಂಘಗಳಿಗೆ ಸೇರಿದ್ದು: ನನ್ನ ಅನುಭವ

ಕ್ರಿಮಿನಾಲಜಿ ಅಂದರೆ ಅಪರಾಧಶಾಸ್ತ್ರದ ಸಂಶೋಧಕರ ಸಂಘಗಳಲ್ಲಿ ಯಾವುದಕ್ಕೆ ಸೇರಲಿ ಅಂತ ಜೂನಿಯರ್‌ಗಳು ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ: ನೀವು ಯಾವ ಜರ್ನಲ್ ಜಾಸ್ತಿ ಓದುತ್ತೀರಿ? ನಾನು ಆರಿಸಿಕೊಂಡದ್ದೂ ಹಾಗೆಯೇ.

ಅಪರಾಧಕ್ಕೆ ಗುರಿಯಾದವರು ಪೊಲೀಸರಿಗೆ ದೂರು ಕೊಡಲು ಯಾಕೆ ಹಿಂಜರಿಯುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ನಾನು ಪದೇ ಪದೇ ತೆರೆಯುತ್ತಿದ್ದದ್ದು ‘ಕ್ರಿಮಿನಾಲಜಿ’ ಜರ್ನಲ್. ಅದನ್ನು ಹೊರತರುವುದು 1941ರಲ್ಲಿ ಶುರುವಾದ ಅಮೆರಿಕನ್ ಸೊಸೈಟಿ ಆಫ್ ಕ್ರಿಮಿನಾಲಜಿ. ಬೇರೆ ದೇಶದವರೂ ಸೇರಬಹುದು. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ, ಜೊತೆಗೆ ಜರ್ನಲ್ ಓದಲು ಸಿಗುತ್ತದೆ. ಪೊಲೀಸ್, ಕೋರ್ಟು, ಜೈಲುಗಳ ಕೆಲಸ ನಿಮ್ಮ ವಿಷಯವಾದರೆ ‘ಜಸ್ಟಿಸ್ ಕ್ವಾರ್ಟರ್ಲಿ’ ತರುವ ಅಕಾಡೆಮಿ ಆಫ್ ಕ್ರಿಮಿನಲ್ ಜಸ್ಟಿಸ್ ಸೈನ್ಸಸ್ ನೋಡಿ. ಯುರೋಪಿನಲ್ಲೂ ಭಾರತದಲ್ಲೂ ಇಂಥ ಸಂಘಗಳಿವೆ.

ದೊಡ್ಡ ಸಂಘಕ್ಕೆ ದುಡ್ಡು ಕಟ್ಟಿ ಸುಮ್ನೆ ಕೂತರೆ ಬರುವುದು ಇಮೇಲ್ ಮಾತ್ರ. ನನಗೆ ನಿಜವಾಗಿ ದಾರಿ ತೋರಿಸಿದ್ದು ಅಮೆರಿಕನ್ ಸಂಘದೊಳಗಿನ ವಿಕ್ಟಿಮಾಲಜಿ ವಿಭಾಗ, ಅಂದರೆ ಅಪರಾಧಕ್ಕೆ ಗುರಿಯಾದವರ ಬಗ್ಗೆ ಅಧ್ಯಯನ ಮಾಡುವವರ ಗುಂಪು. ಅಲ್ಲಿ ಸುದ್ದಿಪತ್ರದ ಕೆಲಸಕ್ಕೆ ಜನ ಬೇಕಿತ್ತು. ನಾನು ಮಾಡ್ತೀನಿ ಅಂದೆ. ಹೊಸ ಲೇಖನಗಳ ಬಗ್ಗೆ ಚಿಕ್ಕ ಟಿಪ್ಪಣಿ ಬರೆಯುವುದು, ಲೇಖಕರಿಗೆ ಕಳಿಸಿ ಒಪ್ಪಿಗೆ ಪಡೆಯುವುದು, ಇಷ್ಟೇ ಕೆಲಸ. ಆದರೆ ಸುಮ್ಮಸುಮ್ಮನೆ ಬರೆಯಲು ಸಂಕೋಚವಾಗುವಂಥ ಹಿರಿಯರಿಗೆ ಪತ್ರ ಬರೆಯಲು ಅದೇ ಒಂದು ನೆಪವಾಯಿತು! ಅವರಲ್ಲೊಬ್ಬರು ನನ್ನ ಪ್ರಶ್ನಾವಳಿ ನೋಡಲು ಒಪ್ಪಿದರು. ‘ದೂರು ಯಾಕೆ ಕೊಡಲಿಲ್ಲ?’ ಎಂದು ಕೇಳಿದರೆ ತಪ್ಪು ಅವರದೇ ಎಂಬ ಧ್ವನಿ ಬರುತ್ತದೆ, ‘ಆಮೇಲೆ ಏನು ಮಾಡಿದಿರಿ?’ ಎಂದು ಕೇಳಿ ನೋಡಿ ಅಂದರು. ಆ ಒಂದು ಬದಲಾವಣೆಯಿಂದ ಜನ ಮಾತಾಡತೊಡಗಿದರು. ನನ್ನ ಪ್ರಬಂಧದ ಅತ್ಯುತ್ತಮ ಭಾಗ ಬಂದದ್ದು ಅಲ್ಲಿಂದಲೇ.

ನಾನು ಓದುತ್ತಿದ್ದ ವಿಭಾಗದ ವಿದ್ಯಾರ್ಥಿ ಸಂಘವನ್ನೂ ಬಿಡಲಿಲ್ಲ. ಸಮ್ಮೇಳನಕ್ಕೆ ಮೊದಲು ಗೆಳೆಯರ ಮುಂದೆ ಮಾತಾಡಿ ನೋಡುತ್ತಿದ್ದೆವು. ಕೈಗೆ ಸಿಗುವುದು ಕಾಲು ಗಂಟೆಯಷ್ಟೇ. ಸಿದ್ಧಾಂತದ ವಿವರಣೆ ಕತ್ತರಿಸಿ ಮಾಹಿತಿ ಉಳಿಸಿ ಎಂದು ನಿಷ್ಠುರವಾಗಿ ಹೇಳುವವರು ಗೆಳೆಯರೇ ಅಲ್ವಾ?

ದಿನಾಂಕಗಳ ಮೇಲೆ ಕಣ್ಣಿಡಿ. ಅಮೆರಿಕನ್ ಸಂಘದ ಸಮ್ಮೇಳನ ನವೆಂಬರಿನಲ್ಲಿ, ಆದರೆ ಸಾರಾಂಶವನ್ನು ತಿಂಗಳುಗಟ್ಟಲೆ ಮೊದಲೇ ಕಳಿಸಬೇಕು. ಕೆಲಸ ಅರ್ಧ ಆಗಿದ್ದರೆ ಭಾಷಣದ ಬದಲು ಪೋಸ್ಟರ್ ಆರಿಸಿಕೊಳ್ಳಿ, ಅಂದರೆ ನಿಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ತೋರಿಸುವುದು. ಪೋಸ್ಟರ್ ಮುಂದೆ ನಿಲ್ಲುವವರು ಪ್ರಶ್ನೆ ಕೇಳಲೆಂದೇ ಬಂದಿರುತ್ತಾರೆ. ಪ್ರಯಾಣದ ನೆರವಿಗೆ ಅರ್ಜಿ ಹಾಕುವಾಗ ನಿಮ್ಮ ಸಾರಾಂಶ ಸಮ್ಮೇಳನಕ್ಕೆ ಆಯ್ಕೆಯಾದ ಒಪ್ಪಿಗೆ ಪತ್ರ ಕೇಳುವುದು ಸಾಮಾನ್ಯ, ಅದು ಬಂದ ದಿನವೇ ತೆಗೆದಿಟ್ಟುಕೊಳ್ಳಿ.